ಬರಪೊಳೆಯಲ್ಲಿ ಸ್ವಂತ ಕಯಾಕ್ ಇಳಿಸಬೇಕು: ತೋಟದ ಗೇಟ್ ದಾಟುವುದು ಹೇಗೆ?

ಮೈಸೂರು ಪ್ಯಾಡಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ನಾಲ್ವರು ಗೆಳೆಯರು. ಎಲ್ಲರ ಹತ್ತಿರವೂ ಸ್ವಂತ ಕಯಾಕ್ (ಒಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ) ಇದೆ. ಕಲಿತದ್ದು ಗಣೇಶಗುಡಿಯ ಕಾಳಿ ನದಿಯಲ್ಲಿ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರು ಬರುವುದರಿಂದ ಅಲ್ಲಿ ಬೇಸಿಗೆಯಲ್ಲೂ ಅಭ್ಯಾಸ ನಡೆಯುತ್ತದೆ. ಆಮೇಲೆ ಮಳೆಗಾಲದಲ್ಲಿ ಕೇರಳದ ಕೋಡಂಚೇರಿಗೆ ಹೋಗಿ ಚಾಲಿಪ್ಪುಳ ಹೊಳೆಯಲ್ಲೂ ಇಳಿದೆವು. ಮಗುಚಿದರೆ ನಾಲ್ವರೂ ದೋಣಿಯಿಂದ ಹೊರಗೆ ಬೀಳದೆ ರೋಲ್ ಮಾಡಿ ಏಳುತ್ತೇವೆ. ಥ್ರೋ ಬ್ಯಾಗ್ (ರಕ್ಷಣೆಯ ಹಗ್ಗ ತುಂಬಿದ ಚೀಲ) ಎಸೆಯುವುದು, ಹಿಡಿಯುವುದು ಅಭ್ಯಾಸವಾಗಿದೆ. ನೀರು ಬಂಡೆಗಳ ನಡುವೆ ರಭಸವಾಗಿ ನುಗ್ಗುವ, ಕಷ್ಟದ ಲೆಕ್ಕದಲ್ಲಿ ಮೂರನೇ ದರ್ಜೆಯ ರ‍್ಯಾಪಿಡ್ ಬಂದರೆ ಭಯವಿಲ್ಲ, ನಾಲ್ಕನೆಯದಾದರೆ ಮೊದಲು ದಡ ಹತ್ತಿ ನೋಡಿ ಆಮೇಲೆ ತೀರ್ಮಾನ.

ಈಗ ಮನಸ್ಸಿಗೆ ಬಂದಿರುವುದು ದಕ್ಷಿಣ ಕೊಡಗಿನ ಮೇಲಿನ ಬರಪೊಳೆ. ಬ್ರಹ್ಮಗಿರಿ ಬೆಟ್ಟದ ಮಳೆಯೆಲ್ಲ ಕೂಡಿ ಪಶ್ಚಿಮಕ್ಕೆ ಧುಮುಕುವ ಹೊಳೆ. ರಾಫ್ಟಿಂಗ್ ಕಂಪನಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗರನ್ನು ಇಳಿಸುತ್ತವೆ, ಅದು ಗೊತ್ತು. ರಾಫ್ಟ್‌ನಲ್ಲಿ ಕುಳಿತು ಒಮ್ಮೆ ಹೋಗಿ ಬಂದದ್ದೂ ಆಯಿತು. ನಮ್ಮ ಆಸೆ ಬೇರೆ. ನಮ್ಮದೇ ದೋಣಿಯಲ್ಲಿ, ನಮ್ಮ ವೇಗದಲ್ಲಿ, ಪ್ರತಿ ಎಡ್ಡಿಯಲ್ಲೂ (ಬಂಡೆಯ ಹಿಂದೆ ಸೆಳವು ತಗ್ಗಿದ ಜಾಗ) ನಿಂತು ಹೊಳೆಯನ್ನು ಓದಿಕೊಂಡು ಇಳಿಯಬೇಕು.

ಕಳೆದ ಆಗಸ್ಟ್‌ನಲ್ಲಿ ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಗೋಣಿಕೊಪ್ಪ ದಾಟಿ ಹೋದೆವು. ಹೊಳೆಯ ಸದ್ದು ಕಿವಿಗೆ ಕೇಳುತ್ತದೆ, ಆದರೆ ಹೊಳೆಗೆ ಹೋಗುವ ಒಂದೊಂದು ದಾರಿಯಲ್ಲೂ ಒಂದೊಂದು ಕಾಫಿ ತೋಟದ ಗೇಟು, ಗೇಟಿಗೆ ಬೀಗ. ಒಂದು ಕಡೆ ಕಾವಲಿನವರು ಮರ್ಯಾದೆಯಿಂದಲೇ ವಾಪಸ್ ಕಳಿಸಿದರು. ಇನ್ನೊಂದು ಕಡೆ ನಾವು ಬಾಯಿ ತೆರೆಯುವ ಮೊದಲೇ ನಾಯಿ ಬಿಟ್ಟರು. ಮಳೆಯಲ್ಲಿ ನೆನೆದು ಮೈಸೂರಿಗೆ ವಾಪಸ್.

ಹೊಳೆ ಯಾರ ಸ್ವತ್ತೂ ಅಲ್ಲ ಅಂತ ನಾನು ತಿಳಿದಿದ್ದೇನೆ. ಹಾಗಿದ್ದ ಮೇಲೆ ಹೊಳೆಗೆ ಹೋಗಲು ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ? ಇಲ್ಲವೆಂದರೆ ಯಾರನ್ನು, ಯಾವಾಗ, ಹೇಗೆ ಕೇಳಬೇಕು? ಅರಣ್ಯ ಇಲಾಖೆಯ ಅನುಮತಿಯೂ ಬೇಕೇ? ಅಲ್ಲಿನವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬರುವ ಮಳೆಗಾಲಕ್ಕೆ ಇನ್ನೂ ಸಮಯವಿದೆ, ಈ ಸಲ ಸರಿಯಾದ ರೀತಿಯಲ್ಲಿ ಹೋಗಬೇಕು ಅಂತಿದ್ದೇವೆ.

---

ಕಿತ್ತು ಹೊಳೆಯವ

ನಮಸ್ಕಾರ. ನಮ್ಮ ಮನೆ ಟಿ. ಶೆಟ್ಟಿಗೇರಿ ಕಡೆ. ತೋಟದ ಒಂದು ಅಂಚು ಹೊಳೆಯೇ. ಇಲ್ಲಿನ ಹಳಬರು ಇದನ್ನು ಕಿತ್ತು ಕಕ್ಕಟ್ಟು ಹೊಳೆ ಅನ್ನುತ್ತಾರೆ. ನಾನೂ ಕಯಾಕ್ ಹಾಕುತ್ತೇನೆ. ಹಾಗಾಗಿ ಗೇಟಿನ ಎರಡೂ ಕಡೆ ನಿಂತು ಹೇಳಬಲ್ಲೆ.

ಮೊದಲು ಬೀಗ ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದೆ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. ನಮ್ಮ ಕಡೆ ತೋಟಕ್ಕೆ ಆನೆ ಬರುತ್ತದೆ. ಬ್ರಹ್ಮಗಿರಿ ಕಾಡು ಪಕ್ಕದಲ್ಲೇ ಉಂಟು. ಹಾಗಾಗಿ ಸೋಲಾರ್ ಬೇಲಿ. ತೋಟದೊಳಗಿನ ದಾರಿ ಬೇಲಿಯನ್ನು ದಾಟುವಲ್ಲಿ ತಂತಿಯನ್ನು ತೆಗೆದು ಹಾಕಲು ಪ್ಲಾಸ್ಟಿಕ್ ಹಿಡಿ, ಅದಕ್ಕೊಂದು ಸ್ಪ್ರಿಂಗ್, ತುದಿಯಲ್ಲಿ ಕೊಕ್ಕೆ ಇರುತ್ತದೆ. ಹಿಡಿ ಹಿಡಿದು ಕೊಕ್ಕೆ ಬಿಡಿಸಿ, ದಾಟಿ, ತಿರುಗಿ ಹಾಕಬೇಕು. ಹಾಕಿದ ಮೇಲೆ ತಂತಿ ಬಿಗಿಯಾಗಿ ನಿಂತಿದೆಯಾ, ಕೆಳಗೆ ಹುಲ್ಲಿಗೆ ತಾಗುತ್ತಿದೆಯಾ ಅಂತ ಬಗ್ಗಿ ನೋಡಬೇಕು. ಒದ್ದೆ ಹುಲ್ಲಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಇಳಿದುಹೋಗುತ್ತದೆ, ಆಚೆಗಿನ ಬೇಲಿ ಬರೀ ತಂತಿ. ಹೊರಗಿನವರು ಬಂದರೆ ಕೊಕ್ಕೆಯನ್ನು ನೆಲಕ್ಕೆ ಬಿಟ್ಟು ಹೊಳೆಗೆ ಓಡುತ್ತಾರೆ. ರಾತ್ರಿ ಆನೆ ಒಳಗೆ. ಒಂದು ರಾತ್ರಿ ಆನೆ ಹಿಂಡು ನಡೆದ ಗದ್ದೆಯಲ್ಲಿ ಆ ವರ್ಷದ ನಾಟಿ ಮುಗಿಯಿತು ಅಂತಲೇ ಲೆಕ್ಕ. ಬೆಳಿಗ್ಗೆ ಕೆಲಸಕ್ಕೆ ಬರುವವರ ಜೀವದ ಪ್ರಶ್ನೆ ಅದಕ್ಕಿಂತ ದೊಡ್ಡದು. ಕೊಡಗಿನಲ್ಲಿ ಆನೆ ತುಳಿದು ತೋಟದ ಕಾರ್ಮಿಕರು ಸತ್ತ ಸುದ್ದಿ ನೀವೂ ಓದಿರುತ್ತೀರಿ. ನಿಮ್ಮನ್ನು ವಾಪಸ್ ಕಳಿಸಿದ ಕಾವಲಿನವರ ಲೈನ್ ಮನೆಯೂ (ಕೆಲಸದವರ ಸಾಲುಮನೆ) ಅದೇ ಬೇಲಿಯ ಒಳಗೆ ಇರುತ್ತದೆ.

ಎರಡನೆಯ ಕಾರಣ ಸಾವು. ಹೊಳೆಯಲ್ಲಿ ಯಾರಾದರೂ ಹೋದರೆ ಪೊಲೀಸರು ಮೊದಲು ಕೇಳುವುದು ಯಾರ ತೋಟದಿಂದ ಇಳಿದರು ಅಂತ. ಹುಡುಕುವುದಕ್ಕೆ ಇಳಿಯುವವರೂ ತೋಟದವರೇ.

ಈಗ ಯಾವಾಗ ಕೇಳಬೇಕು ಅನ್ನುವುದು. ಆಗಸ್ಟ್‌ನಲ್ಲಿ ದೋಣಿ ಕಟ್ಟಿಕೊಂಡು ಗೇಟಿನ ಮುಂದೆ ನಿಂತರೆ ಯಾರಿಗೂ ಸಮಯ ಇಲ್ಲ. ಜುಲೈ, ಆಗಸ್ಟ್ ನಮಗೆ ನಾಟಿ. ಜೊತೆಗೆ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆ: ಕರೆಂಟಿಲ್ಲ, ಮರ ಬಿದ್ದು ರಸ್ತೆ ಇಲ್ಲ, ತೋಟದಲ್ಲಿ ಕೊಳೆರೋಗದ ಚಿಂತೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು, ಆಗ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಹೊಸ ಮುಖ ಕಂಡರೆ ಅನುಮಾನ. ಮಾರ್ಚ್‌ನ ಹೂಮಳೆ ಕಳೆದು ಏಪ್ರಿಲ್ ಕೊನೆ, ಮೇ ತಿಂಗಳು ಸರಿಯಾದ ಸಮಯ. ಆಗ ಮನೆಯಲ್ಲಿ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.

ಫೋನ್ ಮಾಡಿ ಕೇಳಬೇಡಿ. ಮನೆಗೆ ಬನ್ನಿ. ಮಾಲೀಕರು ಬೆಂಗಳೂರಿನಲ್ಲಿದ್ದರೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ನೋಡಿ, ಅವರ ಮೂಲಕ ಹೋಗಿ. ರೈಟರನ್ನು ದಾಟಿ ಮೇಲಿನಿಂದ ಅನುಮತಿ ತಂದರೆ ಗೇಟಿನ ಹತ್ತಿರ ಅದು ನಡೆಯುವುದಿಲ್ಲ. ಯಾವ ದಿನ, ಎಷ್ಟು ಜನ, ಯಾವ ಗಾಡಿ, ಎಲ್ಲಿ ಇಳಿಯುತ್ತೀರಿ, ಎಲ್ಲಿ ಹತ್ತುತ್ತೀರಿ, ಏನಾದರೂ ಆದರೆ ಹೊಣೆ ನಿಮ್ಮದೇ ಎಂದು ಒಂದು ಹಾಳೆಯಲ್ಲಿ ಬರೆದು, ನಾಲ್ವರೂ ಸಹಿ ಹಾಕಿ, ಮನೆಯವರ ನಂಬರ್ ಸಮೇತ ಕೊಡಿ. ದುಡ್ಡಿನ ಮಾತು ಎತ್ತಬೇಡಿ. ದುಡ್ಡು ತೆಗೆದುಕೊಂಡರೆ ಅದು ವ್ಯಾಪಾರ ಆಗುತ್ತದೆ, ವ್ಯಾಪಾರವಾದರೆ ಪರವಾನಗಿಯ ಪ್ರಶ್ನೆ ಬರುತ್ತದೆ, ಅದು ಅವರಿಗೂ ಗೊತ್ತು. ಡ್ರೋನ್ ತರಬೇಡಿ. ಬಾಟಲಿ ಬೇಡ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಇನ್ನೊಂದು ವಿಷಯ, ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯ ಅಂತ ಹೇಳುವುದು. ನೀವು ಬರೆದದ್ದೆಲ್ಲ ಒಳಗೆ ಹೋಗುವ ದಾರಿಯ ಬಗ್ಗೆ. ಈ ಹೊಳೆಯಲ್ಲಿ ಹೊರಗೆ ಬರುವ ದಾರಿ ಕಷ್ಟ. ಒಂದು ತೋಟದಲ್ಲಿ ಇಳಿದು ಇನ್ನೊಂದು ತೋಟದಲ್ಲಿ ಹತ್ತುತ್ತೀರಿ, ಮಾಲೀಕರು ಬೇರೆ, ಗೇಟು ಬೇರೆ. ಮಧ್ಯದಲ್ಲಿ ಏನಾದರೂ ಆಗಿ ದೋಣಿ ಬಿಟ್ಟು ದಡ ಹತ್ತಿದರೆ ಅದು ಮೂರನೆಯವರ ತೋಟ, ಇಲ್ಲವೇ ಕಾಡು. ಇಳಿಯಲು ಒಬ್ಬರನ್ನು ಕೇಳಿದರೆ ಸಾಲದು. ನೀವು ಇಳಿಯುವ ಜಾಗದಿಂದ ಹತ್ತುವ ಜಾಗದವರೆಗೆ ಎರಡೂ ದಡದಲ್ಲಿ ಯಾರ್‍ಯಾರು ಇದ್ದಾರೋ ಅವರೆಲ್ಲರಿಗೂ ಆ ದಿನ ನೀವು ಹೊಳೆಯಲ್ಲಿದ್ದೀರಿ ಅಂತ ಗೊತ್ತಿರಬೇಕು. ಆಗ ಕಾಲು ಮುರಿದುಕೊಂಡು ಕಾಫಿ ಗಿಡದ ನಡುವೆ ತೆವಳಿ ಬಂದವರನ್ನು ಕಳ್ಳ ಅಂತ ಯಾರೂ ತಡೆಯುವುದಿಲ್ಲ, ಜೀಪು ತರುತ್ತಾರೆ.

---

ಸರ್ವೆ ಕಲ್ಲು

ನಾನು ಭೂಮಾಪನದ ಕೆಲಸ ಮಾಡಿ ನಿವೃತ್ತನಾದವನು. ಮೇಲಿನವರು ಹೇಳಿದ ವ್ಯವಹಾರದ ಮಾತು ಸರಿ. ಕಾನೂನಿನ ಭಾಗ ನಾನು ಹೇಳುತ್ತೇನೆ.

ಹೊಳೆ ಯಾರ ಸ್ವತ್ತೂ ಅಲ್ಲ ಅನ್ನುವುದು ತಪ್ಪು. ಅದು ಸರ್ಕಾರದ ಸ್ವತ್ತು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 67ನೇ ಪ್ರಕರಣ ನೋಡಿ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ನದಿ, ಹಳ್ಳ, ಕೆರೆಗಳ ಪಾತ್ರ, ಬೇರೆ ಯಾರ ಸ್ವತ್ತೂ ಅಲ್ಲದ ಜಮೀನು, ಇವೆಲ್ಲ ರಾಜ್ಯ ಸರ್ಕಾರಕ್ಕೆ ಸೇರಿದ್ದು. ಹಾಗಾಗಿ ನೀವು ನೀರಿನ ಮೇಲೆ ಇರುವಾಗ, ಹೊಳೆ ಪಾತ್ರದ ಬಂಡೆಯ ಮೇಲೆ ನಿಂತಾಗ, ಇದು ನನ್ನ ಜಾಗ ಎಂದು ತೋಟದವರು ಹೇಳಲಾರರು. ಆದರೆ ರಸ್ತೆಯಿಂದ ಹೊಳೆಯವರೆಗಿನ ಜಮೀನು ಅವರದು. ಹೊಳೆ ಸರ್ಕಾರದ್ದು ಎಂಬ ಮಾತ್ರಕ್ಕೆ ಅಲ್ಲಿಗೆ ಹೋಗುವ ದಾರಿ ನಿಮ್ಮದಾಗುವುದಿಲ್ಲ.

ಇಪ್ಪತ್ತು ವರ್ಷ ಓಡಾಡಿದರೆ ದಾರಿಯ ಹಕ್ಕು ಬರುತ್ತದೆ ಎಂದು ಯಾರೋ ಹೇಳಿಯೇ ಹೇಳುತ್ತಾರೆ. ಅದು 1882ರ ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮದ 15ನೇ ಪ್ರಕರಣ. ಆ ಹಕ್ಕು ಬರುವುದು ತನ್ನ ಜಮೀನಿನ ಉಪಯೋಗಕ್ಕಾಗಿ ಪಕ್ಕದವರ ಜಮೀನಿನಲ್ಲಿ ಓಡಾಡಿದವನಿಗೆ. ಮೈಸೂರಿನಿಂದ ದೋಣಿ ತಂದವರಿಗೆ ಅಲ್ಲ.

ನಿಮಗೆ ನಿಜವಾಗಿ ಉಪಯೋಗವಾಗುವುದು ಗ್ರಾಮ ನಕ್ಷೆ. ಪ್ರತಿ ಗ್ರಾಮಕ್ಕೂ ನಕ್ಷೆ ಇದೆ. ಅದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲ ಗುರುತು ಮಾಡಿರುತ್ತಾರೆ. ಪಹಣಿಯಲ್ಲಿ ಪೋಟ್ ಖರಾಬು ಎಂದು ಎರಡು ಬಗೆ ಇರುತ್ತದೆ. ಎ ಖರಾಬು ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿದಾರನದೇ. ಬಿ ಖರಾಬು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು: ದಾರಿ, ಹಳ್ಳ, ಸ್ಮಶಾನ ಇತ್ಯಾದಿ. ನಕ್ಷೆಯಲ್ಲಿ ಹೊಳೆಯವರೆಗೆ ಹೋಗುವ ಸಾರ್ವಜನಿಕ ದಾರಿ ಇದ್ದು, ಅದು ಬಿ ಖರಾಬಿನಲ್ಲಿ ಬಂದರೆ ಅದಕ್ಕೆ ಬೀಗ ಹಾಕುವಂತಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಕೊಡಗಿನಲ್ಲಿ ಜಮ್ಮಾ, ಬಾಣೆ, ಪೈಸಾರಿ, ದೇವರಕಾಡು ಎಂದು ಜಮೀನಿನ ಬಗೆಗಳೇ ಬೇರೆ. ಒಂದು ಬಾಣೆ ಜಾಗದಲ್ಲಿ ಒಕ್ಕದ (ಕೊಡವ ಮನೆತನದ) ಹಲವರಿಗೆ ಪಾಲು ಇರುತ್ತದೆ. ಫೋನಿನ ಪರದೆ ತೋರಿಸಿ ವಾದಕ್ಕೆ ನಿಲ್ಲಬೇಡಿ. ನಕ್ಷೆ ನೋಡುವುದು ಯಾರನ್ನು ಕೇಳಬೇಕು ಎಂದು ತಿಳಿಯುವುದಕ್ಕೆ. ನ್ಯಾಯದ ಮಾತು ಬಂದರೆ ತಹಶೀಲ್ದಾರರ ಕಚೇರಿ ಇದೆ.

ಅನುಮತಿ ಇಲ್ಲದೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಪ್ರಕರಣದಲ್ಲಿ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ ಮೂರು ತಿಂಗಳವರೆಗೆ ಸಜೆ ಇದೆ. ಅಪರಾಧ ಎಸಗುವ, ಬೆದರಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು ಎಂಬುದು ನಿಜ. ಹೋಗಿ ಎಂದ ಮೇಲೂ ಜಗಳಕ್ಕೆ ನಿಂತರೆ ಆ ಉದ್ದೇಶವನ್ನು ನೀವೇ ಒದಗಿಸಿಕೊಟ್ಟಂತೆ.

ಅರಣ್ಯದ ವಿಷಯ ಇದಕ್ಕಿಂತ ಬಿಗಿ. ಬ್ರಹ್ಮಗಿರಿ 1974ರಿಂದ ವನ್ಯಜೀವಿ ಅಭಯಾರಣ್ಯ, 181 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 27ನೇ ಪ್ರಕರಣದ ಪ್ರಕಾರ ಪರವಾನಗಿ ಇಲ್ಲದೆ ಅಭಯಾರಣ್ಯದ ಒಳಗೆ ಹೋಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಇದೆ, ಹೊಳೆಯಲ್ಲಿ ಹೋಗುವವರಿಗೆ ಇಲ್ಲ. ಪರವಾನಗಿ ಕೊಡುವುದು 28ನೇ ಪ್ರಕರಣದಲ್ಲಿ. ಪ್ರವಾಸೋದ್ಯಮವೂ ಅದರಲ್ಲಿ ಒಂದು ಉದ್ದೇಶ. ನಿಮ್ಮ ಹೊಳೆ ದಾರಿಯ ಒಂದು ದಡ ಎಲ್ಲಿಯಾದರೂ ಅಭಯಾರಣ್ಯಕ್ಕೆ ತಾಗುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ನಕ್ಷೆ ಇಟ್ಟು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

---

ಮಳೆಗಾಲದ ಗೈಡ್

ನಾನು ಇದೇ ಹೊಳೆಯಲ್ಲಿ ರಾಫ್ಟ್ ಗೈಡ್ ಆಗಿದ್ದವನು. ಎರಡು ಮಾತು.

ಮಾರ್ನಿಂಗ್ ಕಾಫಿ, ಗ್ರಾಸ್‌ಹಾಪರ್, ವಿಕೆಡ್ ವಿಚ್ ಅಂತ ನಮ್ಮ ಕಡೆ ರ‍್ಯಾಪಿಡ್‌ಗಳಿಗೆ ಹೆಸರಿವೆ. ರಾಫ್ಟ್‌ನಲ್ಲಿ ಹೋದಾಗ ನಿಮಗೆ ಎರಡೋ ಮೂರೋ ದರ್ಜೆ ಅನ್ನಿಸಿದ್ದು ಕಯಾಕ್‌ನಲ್ಲಿ ಹಾಗೇ ಇರುವುದಿಲ್ಲ. ರಾಫ್ಟ್ ಭಾರ, ಬಂಡೆ ದಾಟಿದ ನೀರು ಹಿಂದಕ್ಕೆ ಮಗುಚಿ ಸುತ್ತುವ ಹೋಲ್‌ನ ಮೇಲೆ ಹತ್ತಿ ದಾಟಿಬಿಡುತ್ತದೆ. ಸಣ್ಣ ದೋಣಿಯನ್ನು ಅದೇ ಹೋಲ್ ಹಿಡಿದುಕೊಳ್ಳುತ್ತದೆ. ಹೊಳೆ ಕಿರಿದು, ಬಂಡೆ ಜಾಸ್ತಿ, ಮಗುಚಿದಾಗ ತಲೆಗೆ ಜಾಗ ಕಡಿಮೆ. ಮುಖ ಮುಚ್ಚುವ ಹೆಲ್ಮೆಟ್ ಇದ್ದರೆ ಅದನ್ನೇ ಹಾಕಿ.

ಮಳೆ ಜೋರಾದಾಗ ಜಿಲ್ಲಾಡಳಿತ ಜಲಕ್ರೀಡೆ ನಿಲ್ಲಿಸಲು ಆದೇಶ ಮಾಡುತ್ತದೆ. ಅದು ಕಂಪನಿಯವರಿಗೆ ಮಾತ್ರ, ನಮ್ಮದು ಸ್ವಂತ ದೋಣಿ ಅಂತ ಇಳಿಯಬೇಡಿ. ಒಬ್ಬರು ಹಾಗೆ ಇಳಿದು ತೊಂದರೆಯಾದರೆ ಇಡೀ ಸೀಸನ್ ನಿಲ್ಲುತ್ತದೆ. ಇಲ್ಲಿ ಎಷ್ಟೋ ಹುಡುಗರ ವರ್ಷದ ಸಂಪಾದನೆ ಆ ನಾಲ್ಕು ತಿಂಗಳಿನದು. ಬರುವ ಮೊದಲು ಸ್ಥಳದ ಗೈಡ್‌ಗಳಿಗೂ ತಿಳಿಸಿ. ಟ್ರಿಪ್‌ಗಳ ಮಧ್ಯೆ ಸಮಯ ಬಿಟ್ಟುಕೊಡುತ್ತೇವೆ, ಬೇಕಿದ್ದರೆ ಸೇಫ್ಟಿ ಕಯಾಕ್‌ನವರು ಜೊತೆಗೆ ಬರುತ್ತಾರೆ.

---

ಡೆನ್ವರ್ ಕನ್ನಡತಿ

ಸರ್ವೆ ಕಲ್ಲು ಅವರು ಬರೆದದ್ದು ಓದಿ ಇದನ್ನು ಹೇಳಬೇಕು ಅನ್ನಿಸಿತು. ನಾನು ಕೊಲೊರಾಡೊದಲ್ಲಿ ಇದ್ದೇನೆ, ಇಲ್ಲಿ ಕಯಾಕ್ ಕಲಿತೆ. ಇಲ್ಲಿ ಸ್ಥಿತಿ ಪೂರ್ತಿ ತಿರುಗಮುರುಗ. ಹೊಳೆ ಖಾಸಗಿ ಜಮೀನಿನ ನಡುವೆ ಹರಿದರೆ ಅದರ ತಳವೂ ಜಮೀನಿನವರದೇ. 1979ರಲ್ಲಿ ಎಮರ್ಟ್ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ತೆಪ್ಪದಲ್ಲಿ ತೇಲಿ ಹೋಗುತ್ತ ತಳ ಮುಟ್ಟಿದವರಿಗೆ ವಿಧಿಸಿದ ಶಿಕ್ಷೆಯನ್ನು ಎತ್ತಿ ಹಿಡಿಯಿತು. ಅದಾದ ಮೇಲೆ, ತಳವನ್ನೂ ದಡವನ್ನೂ ಮುಟ್ಟದೆ ತೇಲಿದರೆ ಅದು ಅಪರಾಧವಲ್ಲ ಎಂದು 1983ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. ಹಾಗಾಗಿ ಹೊಳೆಗೆ ಅಡ್ಡ ಮರ ಬಿದ್ದಿದ್ದರೆ ದಡ ಹತ್ತಿ ದೋಣಿ ಹೊತ್ತು ದಾಟುವುದೇ ಇಲ್ಲಿ ಜಗಳಕ್ಕೆ ಕಾರಣ. ಮೊಂಟಾನಾ ರಾಜ್ಯದಲ್ಲಿ 1985ರ ಕಾನೂನು ನೀರಿನ ಸಾಮಾನ್ಯ ಏರುಮಟ್ಟದ ಗುರುತಿನವರೆಗೆ ನಡೆಯಲು ಬಿಡುತ್ತದೆ. ಅಲ್ಲಿಯೂ ಹೊಳೆಗೆ ಹೋಗಲು ಇನ್ನೊಬ್ಬರ ಜಮೀನನ್ನು ಅಡ್ಡ ಹಾಯುವಂತಿಲ್ಲ.

ಪಾತ್ರದ ಬಂಡೆಯ ಮೇಲೆ ಹೆದರದೆ ನಿಂತು ಕೆಳಗಿನ ರ‍್ಯಾಪಿಡ್ ನೋಡುವ ಅವಕಾಶ ನಿಮಗೆ ಇದೆ. ಅದು ದೊಡ್ಡದು. ಅದನ್ನು ಪೂರ್ತಿ ಬಳಸಿಕೊಳ್ಳಿ.

---

ಮೈಸೂರು ಪ್ಯಾಡಲ್

ಎಲ್ಲರಿಗೂ ತುಂಬಾ ಧನ್ಯವಾದ. ಸರ್ವೆ ಕಲ್ಲು ಸಾರ್, ಗ್ರಾಮ ನಕ್ಷೆ ತೆಗೆಸುತ್ತಿದ್ದೇವೆ. ವಲಯ ಅರಣ್ಯಾಧಿಕಾರಿಗೆ ಅರ್ಜಿಯೂ ಬರೆದಾಯಿತು.

ಕಿತ್ತು ಹೊಳೆಯವ ಅಣ್ಣ, ಬೇಲಿಯ ವಿಷಯ ಓದಿದ ಮೇಲೆ ಆ ಕಾವಲಿನವರ ಮೇಲಿದ್ದ ಸಿಟ್ಟು ಹೋಯಿತು. ನಿಮ್ಮನ್ನು ಇನ್ನೂ ಮೂರು ವಿಷಯ ಕೇಳಬೇಕು. ನೀರಿನ ಮಟ್ಟ ಮೈಸೂರಿನಲ್ಲಿ ಕುಳಿತು ತಿಳಿಯುವುದು ಹೇಗೆ? ಹತ್ತುವ ಜಾಗ ತಪ್ಪಿ ಕೆಳಗೆ ಹೋದರೆ ಏನಿದೆ? ಸಿಗ್ನಲ್ ಇಲ್ಲದ ಕಡೆಗೆ ಎಂದು ಒಬ್ಬ ಗೆಳೆಯ ವಿದೇಶದಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತರಿಸುತ್ತೇನೆ ಅನ್ನುತ್ತಿದ್ದಾನೆ, ತರಬಹುದೇ?

---

ಕಿತ್ತು ಹೊಳೆಯವ

ಕೊನೆಯದಕ್ಕೆ ಮೊದಲು ಉತ್ತರ. ತರಬೇಡಿ. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಉಪಗ್ರಹ ಫೋನ್, ಉಪಗ್ರಹ ಸಂದೇಶದ ಸಾಧನ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ನಮ್ಮದು ಕೇರಳದ ಗಡಿ, ಕಾಡು. ಅಂಥದ್ದು ಕೈಯಲ್ಲಿ ಕಂಡರೆ ನಿಮ್ಮ ಜೊತೆ ಗೇಟು ತೆಗೆದ ರೈಟರಿಗೂ ಕಷ್ಟ. ಅದರ ಬದಲು ಮನುಷ್ಯರನ್ನು ಇಡಿ. ಒಬ್ಬರು ಹತ್ತುವ ಜಾಗದಲ್ಲಿ ಗಾಡಿಯೊಂದಿಗೆ, ಇನ್ನೊಬ್ಬರು ಮಧ್ಯದ ದಡದಲ್ಲಿ, ಇಬ್ಬರ ಹತ್ತಿರವೂ ಸೀಟಿ. ಇಂಥ ಗಂಟೆಯೊಳಗೆ ನೀವು ಕಾಣದಿದ್ದರೆ ಯಾರಿಗೆ ಹೇಳಬೇಕು ಅಂತ ಮೊದಲೇ ಮಾತಾಡಿಕೊಂಡಿರಬೇಕು.

ನೀರಿನ ಮಟ್ಟ. ಮೈಸೂರಿನಲ್ಲಿ ಕುಳಿತು ಮಳೆಯನ್ನು ನೋಡಬಹುದು, ಹೊಳೆಯನ್ನು ನೋಡಲು ಆಗುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಲೆಕ್ಕ ಕೊಡುತ್ತದೆ. ಶ್ರೀಮಂಗಲ ಹೋಬಳಿಯದನ್ನು ಒಂದು ವಾರ ಬರೆದುಕೊಂಡು ಬಂದರೆ ಅಂದಾಜು ಸಿಗುತ್ತದೆ. ಮಣ್ಣು ಕುಡಿದು ತುಂಬಿದ ಮೇಲೆ ಬೀಳುವ ಮಳೆ ನೇರ ಹೊಳೆಗೆ. ಜೂನ್ ಮೊದಲ ವಾರ ಎಷ್ಟು ಹೊಯ್ದರೂ ಹೊಳೆ ನಿಧಾನ ಏರುತ್ತದೆ, ಜುಲೈ ಕೊನೆಗೆ ಅದೇ ಮಳೆಗೆ ಎರಡೇ ಗಂಟೆಯಲ್ಲಿ ಬಂಡೆ ಮುಚ್ಚುತ್ತದೆ.

ಅದಕ್ಕೇ ನಮ್ಮ ತೋಟದ ಕೆಳಗೆ ಒಂದು ಬಂಡೆಗೆ ಬಿಳಿ ಪೇಂಟಿನಲ್ಲಿ ಗೆರೆ ಹಾಕಿದ್ದೇವೆ. ಅಡಿಯ ಗೆರೆ ಕಾಣುತ್ತಿದ್ದರೆ ನೀರು ಸಾಲದು, ದೋಣಿ ಉಜ್ಜುತ್ತದೆ. ಮಧ್ಯದ ಗೆರೆಯ ಹತ್ತಿರ ನೀರಿದ್ದರೆ ಚೆಂದ. ಮೇಲಿನದು ಮುಳುಗಿದರೆ ಮನೆಯಲ್ಲಿ ಇರುವುದು. ಆ ಗೆರೆ ನೋಡಿ ಹೇಳಲು ಬೆಳಿಗ್ಗೆ ಆರಕ್ಕೆ ಒಬ್ಬರು ಬೇಕು, ಅದು ನಾನು ಮಾಡುತ್ತೇನೆ. ಹೊಳೆಯಲ್ಲಿ ಇರುವಾಗ ನೀವು ನೋಡಬೇಕಾದದ್ದು ಬಣ್ಣ ಮತ್ತು ಕಸ. ಇಡೀ ದಿನ ಹಸಿರು ಕಲೆಸಿದಂತಿದ್ದ ನೀರಿಗೆ ಕೆಂಪು ಬೆರೆಯುತ್ತದೆ, ಹಿಂದೆಯೇ ನೊರೆ, ಒಣ ಎಲೆ, ಸಣ್ಣ ಕಡ್ಡಿ. ನಿಮ್ಮ ತಲೆಯ ಮೇಲೆ ಮಳೆ ಇರಬೇಕೆಂದಿಲ್ಲ, ಬ್ರಹ್ಮಗಿರಿಯ ಮೇಲೆ ಬಿದ್ದಿರುತ್ತದೆ. ಕಸ ಕಂಡ ತಕ್ಷಣ ಹತ್ತಿರದ ಎಡ್ಡಿಗೆ ಬಂದು ದಡ ಹತ್ತಿ. ಇನ್ನೊಂದು ರ‍್ಯಾಪಿಡ್ ಅಷ್ಟೇ ಅಂತ ಮುಂದೆ ಹೋಗಬೇಡಿ.

ಇನ್ನೊಂದು ಅಪಾಯ ಇಲ್ಲಿ ಉಂಟು, ವಾಟೆ ಅನ್ನುವ ಸಣ್ಣ ಬಿದಿರು. ದಡದ ಉದ್ದಕ್ಕೂ ಒತ್ತಾಗಿ ಬೆಳೆಯುತ್ತದೆ, ಬೇಸಿಗೆಯಲ್ಲಿ ನೀರಿಗಿಂತ ಎಷ್ಟೋ ಮೇಲೆ. ನೀರು ಏರಿದಾಗ ಆ ಹಿಂಡಿನ ಬುಡವೇ ಹೊಳೆಯೊಳಗೆ. ತುದಿಗಳು ಸೆಳವಿಗೆ ಬಾಗಿ ಮೇಲಕ್ಕೂ ಕೆಳಕ್ಕೂ ಹೊಡೆದುಕೊಳ್ಳುತ್ತಿರುತ್ತವೆ. ನೋಡಲು ಮೆತ್ತಗೆ, ಹಿಡಿದುಕೊಂಡು ನಿಲ್ಲೋಣ ಅನ್ನಿಸುತ್ತದೆ. ನೀರು ಅದರ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಹೋಗಲಾರ. ಪ್ಯಾಡಲ್ ಸಿಕ್ಕಿಕೊಳ್ಳುತ್ತದೆ, ಲೈಫ್ ಜಾಕೆಟ್‌ನ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇಡೀ ಹೊಳೆ ಒತ್ತುತ್ತದೆ. ತಿರುವಿನ ಹೊರಬದಿಯಲ್ಲಿ ವಾಟೆ ಕಂಡರೆ ತಿರುವಿಗೆ ಮೊದಲೇ ಒಳಬದಿಗೆ ಬಂದಿರಬೇಕು. ಇದನ್ನು ನಾಲ್ವರಿಗೂ ಕೂರಿಸಿ ಹೇಳಿ.

ಹತ್ತುವ ಜಾಗ ತಪ್ಪಿದರೆ ಕೆಳಗೆ ಘಟ್ಟದ ಇಳಿಜಾರು. ಹೊಳೆ ಬೆಟ್ಟದ ಮೈ ಹಿಡಿದು ಕೇರಳದ ಕಣ್ಣೂರು ಜಿಲ್ಲೆಗೆ ಇಳಿಯುತ್ತದೆ, ಎರಡೂ ಕಡೆ ಕಾಡು, ದಾರಿ ಇಲ್ಲ. ಇನ್ನೂ ಕೆಳಗೆ ಕೇರಳದವರ 15 ಮೆಗಾವಾಟ್‌ನ ಬಾರಾಪೋಳ್ ಜಲವಿದ್ಯುತ್ ಯೋಜನೆಗೆ ಹೊಳೆಯಿಂದ ನೀರು ತಿರುಗಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಹೊಳೆ ವಳಪಟ್ಟಣಂ ಸೇರಿ ಸಮುದ್ರಕ್ಕೆ. ಹತ್ತುವ ಜಾಗ ತಪ್ಪಿಸುವಂತಿಲ್ಲ, ಅಷ್ಟೇ. ಅದಕ್ಕಿಂತ ಸಾಕಷ್ಟು ಮೇಲೆಯೇ ಒಂದು ಗುರುತು ಇಟ್ಟುಕೊಂಡು, ಅಲ್ಲಿ ನಾಲ್ವರೂ ನಿಂತು, ಒಬ್ಬೊಬ್ಬರಾಗಿ ದಡಕ್ಕೆ ಬರುವುದು. ದಡದಲ್ಲಿ ಕೆಂಪು ಬಟ್ಟೆ ಕಟ್ಟಿ ಇಡುತ್ತೇವೆ.

ಅದಕ್ಕೇ ಮೇ ತಿಂಗಳಲ್ಲಿ ಒಮ್ಮೆ ಬನ್ನಿ ಅನ್ನುವುದು. ಆಗ ಹೊಳೆಯಲ್ಲಿ ನೀರು ಮೊಣಕಾಲಿಗೆ ಇಳಿದಿರುತ್ತದೆ, ಮಡುಗಳನ್ನು ಬಿಟ್ಟರೆ ಉಳಿದದ್ದೆಲ್ಲ ನಡೆದೇ ದಾಟಬಹುದು. ಇಳಿಯುವ ಜಾಗದಿಂದ ಹತ್ತುವ ಜಾಗದವರೆಗೆ ಪಾತ್ರದಲ್ಲೇ ನಡೆಯೋಣ. ಮಳೆಗಾಲದಲ್ಲಿ ಬಿಳಿ ನೊರೆಯಾಗಿ ಕಾಣುವ ಜಾಗದ ಅಡಿಯಲ್ಲಿ ಏನಿದೆ ಅಂತ ಆಗ ಕಣ್ಣಿಗೆ ಕಾಣುತ್ತದೆ. ಒಂದು ಕಡೆ ದೊಡ್ಡ ಬಂಡೆಯ ಬುಡವನ್ನು ನೀರು ಒಳಕ್ಕೆ ಕೊರೆದಿದೆ. ಬಗ್ಗಿ ನೋಡಿದರೆ ಆಳದಲ್ಲಿ ಹಿಂದಿನ ಮಳೆಗಾಲದ ಮರದ ತುಂಡು ಅಡ್ಡ ಸಿಕ್ಕಿಕೊಂಡಿರುತ್ತದೆ. ಮೇಲಿನ ಕೊಂಬೆಗಳಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ಒಣಗಿದ ಹುಲ್ಲೂ ಹರಿದ ಗೊಬ್ಬರದ ಚೀಲವೂ ನೇತಾಡುತ್ತಿರುತ್ತವೆ, ನೀರು ಅಲ್ಲಿಯವರೆಗೆ ಬಂದಿತ್ತು. ಆ ಬಂಡೆಯನ್ನು ನಿಮ್ಮ ನಾಲ್ವರೂ ಕೈಯಿಂದ ಮುಟ್ಟಿ ನೋಡಿರಬೇಕು. ನಮ್ಮ ತೋಟದಲ್ಲಿ ಕೆಲಸ ಮಾಡುವ ಯರವ ಬುಡಕಟ್ಟಿನ ಹಿರಿಯರೊಬ್ಬರು ಜೊತೆಗೆ ಬರುತ್ತಾರೆ. ಚಿಕ್ಕಂದಿನಿಂದ ಈ ಹೊಳೆಯಲ್ಲಿ ಮೀನು ಹಿಡಿದವರು. ಎಲ್ಲಿ ಮರ ಹೊಸದಾಗಿ ಬಿದ್ದಿದೆ, ಎಲ್ಲಿ ಆನೆ ದಾಟುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ. ಅವರ ಆ ದಿನದ ಕೂಲಿ ನಿಮ್ಮ ಲೆಕ್ಕ.

ನಡೆಯುತ್ತಾ ಎರಡೂ ದಡದ ಮನೆಗಳಿಗೂ ಹೋಗಿ ಬರೋಣ. ಪರಿಚಯ ನಾನು ಮಾಡಿಸುತ್ತೇನೆ, ಕೇಳುವುದು ನೀವೇ ಕೇಳಬೇಕು. ಒಂದು ಮನೆಯವರು ಬೇಡ ಅಂದರೆ ಆ ಭಾಗವನ್ನು ಬಿಟ್ಟು ಇಳಿಯುವ ಜಾಗ ಬದಲಾಯಿಸೋಣ, ಒತ್ತಾಯ ಬೇಡ. ಸಂಜೆ ಐದರೊಳಗೆ ಎಲ್ಲ ಮುಗಿಸಿ ರಸ್ತೆಗೆ ಬಂದಿರಬೇಕು, ಆಮೇಲೆ ದಾರಿ ಆನೆಯದ್ದು.

ನನ್ನ ನಂಬರನ್ನು ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಮೇ ತಿಂಗಳಿಗೆ ದೋಣಿ ತರಬೇಡಿ. ಗ್ರಾಮ ನಕ್ಷೆಯ ಪ್ರತಿ, ನಾಲ್ವರ ಸಹಿಯ ಕಾಗದ, ಇಂಬಳಕ್ಕೆ ಉಪ್ಪಿನ ಪೊಟ್ಟಣ, ಜಾರದ ಬೂಟು ಇಷ್ಟು ಸಾಕು. ಊಟ ನಮ್ಮಲ್ಲೇ.